ಬೊಜ್ಜಿನ ಆಪರೇಷನ್ ಆದವರಿಗೆ ಲಾಕ್‌ಡೌನ್ ಏನು ಮಾಡಿತು?

ಬೊಜ್ಜು ಇಳಿಸೋಕೆ ಮೊದಲೇ ಮಾಡಿಸಿದ್ದ ಬೇರಿಯಾಟ್ರಿಕ್ ಆಪರೇಷನ್ ಲಾಕ್‌ಡೌನ್‌ನಿಂದಾಗಿ ದಂಡವಾಯಿತು ಅಂತ ಕೆಲವರು ಹೇಳುತ್ತಾರೆ. ಏನೂ ಆಗಲಿಲ್ಲ, ಇಳಿಯಬೇಕಾದಷ್ಟು ತೂಕ ಇಳಿದಿದೆ ಅಂತ ಇನ್ನು ಕೆಲವರು. ಎರಡು ಕಡೆಯವರ ಕೈಯಲ್ಲೂ ಅಧ್ಯಯನಗಳಿವೆ.

ಹಳೆ ಕಥೆ ಬೇಗ ಹೇಳಿ ಮುಗಿಸೋಣ. 1960ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಗ್ಯಾಸ್ಟ್ರಿಕ್ ಬೈಪಾಸ್ (ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸೋದು) ಶುರು ಮಾಡಿದರು, 90ರ ದಶಕದಲ್ಲಿ ಇದಕ್ಕೂ ಸಣ್ಣ ತೂತಿನ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಬಂತು, ಆಮೇಲೆ ಜಠರದ ಮುಕ್ಕಾಲು ಪಾಲು ತೆಗೆದುಹಾಕುವ ಸ್ಲೀವ್ ಆಪರೇಷನ್ ನಮ್ಮಲ್ಲೂ ಜಾಸ್ತಿ ಆಯಿತು.

ಆದರೆ ಅಸಲಿ ಕೆಲಸ ಶುರುವಾಗೋದು ಆಸ್ಪತ್ರೆಯಿಂದ ಮನೆಗೆ ಬಂದಮೇಲೆ. ಮೊದಲು ಗಂಜಿ ತಿಳಿಯಂಥದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದ್ದು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬಾರದು. ಇದನ್ನೆಲ್ಲ ಹಿಂದೆ ಬಿದ್ದು ಕೇಳೋಕೆ ಡಯಟಿಷಿಯನ್ ಬೇಕು, ಅಲ್ವಾ?

2020ರ ಮಾರ್ಚ್ 25ಕ್ಕೆ ದೇಶ ಬಾಗಿಲು ಹಾಕಿದಾಗ ಮೊದಲು ತಪ್ಪಿದ್ದೇ ಈ ಫಾಲೋಅಪ್. ತುರ್ತಿಲ್ಲದ ಆಪರೇಷನ್‌ಗಳು ಮುಂದಕ್ಕೆ ಹೋದವು, ಡಾಕ್ಟರು ಫೋನಿನಲ್ಲೇ ಸಿಗಬೇಕಾಯಿತು. ಅದೇ ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಕಡೆ ಹಕ್ಕಿಜ್ವರ ಬಂದಿತ್ತು, ಕೋಳಿಯಿಂದ ಕೊರೊನಾ ಬರುತ್ತೆ ಅನ್ನೋ ಗಾಳಿಸುದ್ದಿ ಬೇರೆ, ಹಾಗಾಗಿ ಪ್ರೊಟೀನ್‌ಗೆ ಮೊಟ್ಟೆ-ಕೋಳಿಯನ್ನೇ ನಂಬಿಕೊಂಡವರಿಗೆ ಅದನ್ನು ಮುಟ್ಟೋಕೂ ಭಯ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮುಚ್ಚಿದ್ದವು. ನಡಿಗೆ ಅಂದರೆ ತಾರಸಿ ಮೇಲೆ ಸುತ್ತು ಹಾಕೋದು. ಮನೆಯಲ್ಲಿ ಇಡೀ ದಿನ ಡಬ್ಬಿ ತುಂಬ ಕೋಡುಬಳೆ, ನಿಪ್ಪಟ್ಟು, ಚಹಾದ ಜೊತೆ ಬಿಸ್ಕತ್ತು. ಒಂದೇ ಸಲ ಜಾಸ್ತಿ ತಿನ್ನೋಕೆ ಪುಟ್ಟ ಹೊಟ್ಟೆ ಬಿಡಲ್ಲ, ನಿಜ. ಆದರೆ ಬಿಸ್ಕತ್ತು, ಐಸ್‌ಕ್ರೀಮ್ ಸಲೀಸಾಗಿ ಇಳಿಯುತ್ತವೆ, ಅರ್ಧ ಗಂಟೆಗೊಮ್ಮೆ ಬಾಯಾಡಿಸಿದರೆ ಅದು ತಡೆಯೋದೂ ಇಲ್ಲ. 2021ರ ಎರಡನೇ ಅಲೆಯಲ್ಲಿ ನಮ್ಮ ರಾಜ್ಯದಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ, ಮತ್ತೆ ಅದೇ ಪಾಡು.

ಇನ್ನು ಅಧ್ಯಯನಗಳ ಜಗಳ. ನನಗೆ ಕಾಣೋ ಮಟ್ಟಿಗೆ ಆಪರೇಷನ್ ಯಾವಾಗ ಆಗಿತ್ತು ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಆಗಷ್ಟೇ ಮಾಡಿಸಿಕೊಂಡವರಿಗೆ ಹಸಿವೇ ಕಮ್ಮಿ, ಸ್ಲೀವ್ ಆಗಿದ್ದರೆ ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನೂ ಇಳಿದಿರುತ್ತೆ, ಅದಕ್ಕೇ ಅವರಲ್ಲಿ ಬಹಳಷ್ಟು ಮಂದಿಯ ತೂಕ ಲಾಕ್‌ಡೌನ್‌ನಲ್ಲೂ ಇಳಿಯಿತು. ಎರಡು-ಮೂರು ವರ್ಷ ಕಳೆದವರಿಗೆ ಆ ಆಸರೆ ಇರಲಿಲ್ಲ. ಮಾಮೂಲಿ ದಿನಗಳಲ್ಲೂ ತೂಕ ಮೆಲ್ಲಗೆ ವಾಪಸ್ ಬರೋ ಕಾಲ ಅದು.

ಉಳಿದರ್ಧ ಉತ್ತರ ಲೆಕ್ಕದಲ್ಲಿದೆ. ಅಧ್ಯಯನದವರಿಗೆ ಫೋನಿನಲ್ಲಿ ಹೇಳಿದ ತೂಕ ಮನೆಯ ಮಷಿನ್ನಿನದ್ದು, ಆಸ್ಪತ್ರೆಯದ್ದಲ್ಲ. ತೂಕ ಏರಿದ್ದಕ್ಕೆ ಮುಜುಗರಪಟ್ಟು ಫೋನೇ ಎತ್ತದವರು ಯಾವ ಅಧ್ಯಯನಕ್ಕೂ ಸಿಗುವುದಿಲ್ಲ. ಅವರನ್ನು ಬಿಟ್ಟು ‘ಏನೂ ಆಗಲಿಲ್ಲ’ ಅನ್ನೋದು ನನಗೆ ಒಪ್ಪಿಗೆಯಾಗಲ್ಲ.

2025ರಲ್ಲಿ ತೂಕ ಇಳಿಸೋ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ಭಾರತಕ್ಕೆ ಬಂದಮೇಲೆ, ತೂಕ ವಾಪಸ್ ಬಂದವರಿಗೆ ಇನ್ನೊಂದು ದಾರಿ ತೆರೆದಿದೆ. ಅದಕ್ಕೂ ಮೊದಲು ಲಾಕ್‌ಡೌನ್‌ನಲ್ಲಿ ಬಿಟ್ಟುಹೋದ ಬಿ12, ಕಬ್ಬಿಣದ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ. ಈ ಇಂಜೆಕ್ಷನ್ ಇರೋ ಹಸಿವನ್ನೂ ಕಮ್ಮಿ ಮಾಡುತ್ತೆ, ಆಗ ಪ್ರೊಟೀನ್ ಸೇರೋದು ಇನ್ನೂ ಕಷ್ಟ.