ಕವಳದ ಕೆಂಪು, ಡಿಎನ್‌ಎ ರಿಪೇರಿ

ಸಾಗರದ ನಮ್ಮ ಕಡೆ ಊಟವಾದ ಮೇಲೆ ಕವಳ ಬೇಕೇ ಬೇಕು. ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಅಗಿದರೆ ಬಾಯಿ ಕೆಂಪಾಗುತ್ತದೆ. ಸುಣ್ಣ ತಾಗಿದ ಅಡಿಕೆಯ ಚೊಗರು ಆಕ್ಸಿಜನ್ ಜೊತೆ ಸೇರಿ, ಸಿಕ್ಕಿದ್ದನ್ನೆಲ್ಲ ಕೆಡಿಸುವ ಚುರುಕು ಕಣಗಳನ್ನು ಹುಟ್ಟಿಸುತ್ತದೆ. ಅವು ಡಿಎನ್‌ಎಗೂ ಪೆಟ್ಟು ಕೊಡುತ್ತವೆ ಎಂದು 1987ರಲ್ಲೇ ಪ್ರಯೋಗಾಲಯದಲ್ಲಿ ಕಂಡಿತ್ತು. ಕವಳ ಹಾಕದವರೂ ಪೂರ್ತಿ ಪಾರಾಗುವುದಿಲ್ಲ. ಬರೀ ಉಸಿರಾಟದಿಂದಲೂ ಅಂಥ ಕಣಗಳು ಹುಟ್ಟುತ್ತವೆ.

ಡಿಎನ್‌ಎ ಬರಹಕ್ಕೆ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಎ ಎದುರು ಟಿ, ಜಿ ಎದುರು ಸಿ ಕೂರಬೇಕು. ಆಕ್ಸಿಜನ್ ಪೆಟ್ಟು ಬೇಗ ತಗಲುವುದು ಜಿಗೆ. ಹಾಗೆ ಕೆಟ್ಟ ಜಿ, ಅಂದರೆ 8-ಆಕ್ಸೊಗ್ವಾನಿನ್, ಗೊತ್ತಾದದ್ದು 1984ರಲ್ಲಿ. ಜಪಾನಿನ ಹಿರೋಶಿ ಕಸಾಯ್ ಮತ್ತು ಸುಸುಮು ನಿಶಿಮುರ ಬಿಸಿ ಮಾಡಿದ ಆಹಾರದಲ್ಲಿ ಹಾನಿಕರ ವಸ್ತುಗಳನ್ನು ಹುಡುಕುತ್ತಿದ್ದಾಗ ಇದು ಸಿಕ್ಕಿತು. ಡಿಎನ್‌ಎ ನಕಲಾಗುವಾಗ ಕೆಟ್ಟ ಜಿ, ಸಿ ಬದಲು ಎಯನ್ನು ಎದುರಿಗೆ ಕೂರಿಸಿಕೊಳ್ಳಬಹುದು. ಮುಂದಿನ ಪ್ರತಿಯಲ್ಲಿ ಆ ಎ ತನ್ನ ಜೋಡಿ ಟಿಯನ್ನು ಕರೆಯುತ್ತದೆ. ಜಿ ಇದ್ದ ಜಾಗಕ್ಕೆ ಟಿ ಬಂತು. ಇದೇ ಮ್ಯುಟೇಶನ್.

ರಿಪೇರಿಯ ಕಥೆ ಇನ್ನೂ ಹಳೆಯದು. ವಿಪರೀತ ಮ್ಯುಟೇಶನ್ ಆಗುವ ಬ್ಯಾಕ್ಟೀರಿಯಾ ತಳಿಯೊಂದು 1954ರಲ್ಲೇ ಸಿಕ್ಕಿತ್ತು. ಕಾರಣ ತಿಳಿದದ್ದು 1992ರಲ್ಲಿ. ಕೆಟ್ಟ ಜಿ ಡಿಎನ್‌ಎ ಸೇರುವ ಮೊದಲೇ ಅದನ್ನು ತಡೆಯುವ ಎಂಜೈಮ್ ಆ ತಳಿಯಲ್ಲಿ ಕೆಲಸ ಮಾಡುತ್ತಿರಲಿಲ್ಲ. ನಡುವೆ 1974ರಲ್ಲಿ ಸ್ವೀಡನ್ನಿನ ಟೊಮಾಸ್ ಲಿಂಡಾಲ್, ಡಿಎನ್‌ಎಯಿಂದ ತಪ್ಪು ಅಕ್ಷರವನ್ನು ಕಿತ್ತುಹಾಕುವ ಎಂಜೈಮ್ ಒಂದನ್ನು ಕಂಡುಹಿಡಿದಿದ್ದರು. 2015ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ನಮ್ಮ ಕೋಶಗಳಲ್ಲಿ ಒಜಿಜಿ1 ಎಂಬ ಎಂಜೈಮ್, ಕೊಳೆ ಬಂದ ಅಡಿಕೆ ಆರಿಸಿದ ಹಾಗೆ, ಕೆಟ್ಟ ಜಿಯನ್ನು ತೆಗೆಯುತ್ತದೆ. ಖಾಲಿ ಜಾಗಕ್ಕೆ ಹೊಸ ಜಿ ಬರುತ್ತದೆ. ಆದರೆ ಎದುರಿಗೆ ಎ ಕೂತಿದ್ದರೆ ಒಜಿಜಿ1 ಕೆಟ್ಟ ಜಿಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಯಾಕೆ? ಆಗ ಜಿ ಕಿತ್ತರೆ ಅಲ್ಲಿಗೆ ಟಿ ಬಂದು ತಪ್ಪು ಕಾಯಂ ಆಗಿಬಿಡುತ್ತದೆ, ಅಲ್ವಾ? ಅಂಥ ಕಡೆ ಮ್ಯುಟಿವೈಎಚ್ ಎಂಬ ಇನ್ನೊಂದು ಎಂಜೈಮ್ ಬರುತ್ತದೆ. ಅದು ಕೀಳುವುದು ಕೆಟ್ಟ ಜಿಯನ್ನಲ್ಲ, ನೆಟ್ಟಗಿರುವ ಎಯನ್ನು! ಅಲ್ಲಿ ಸಿ ಕೂತ ಮೇಲೆ ಒಜಿಜಿ1ಗೆ ದಾರಿಯಾಗುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತುಬಿಟ್ಟೆ.

ಮ್ಯುಟಿವೈಎಚ್ ಕೆಲಸ ಮಾಡದಿದ್ದರೆ ಏನಾಗುತ್ತದೆ ಎಂಬುದು 2002ರಲ್ಲಿ ಬ್ರಿಟನ್ನಿನ ಒಂದು ಕುಟುಂಬದಿಂದ ತಿಳಿಯಿತು. ಒಡಹುಟ್ಟಿದವರ ದೊಡ್ಡ ಕರುಳಿನಲ್ಲಿ ಹತ್ತಾರು ಗಂಟುಗಳು. ಅವುಗಳಲ್ಲಿ ಜಿ ಜಾಗಕ್ಕೆ ಟಿ ಬಂದ ತಪ್ಪೇ ಜಾಸ್ತಿ. ತಂದೆ, ತಾಯಿ ಇಬ್ಬರಿಂದಲೂ ಅವರಿಗೆ ಕೆಟ್ಟ ಮ್ಯುಟಿವೈಎಚ್ ಜೀನ್ ಬಂದಿತ್ತು.

2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಹೊಗೆಸೊಪ್ಪು ಹಾಕದ ಕವಳವನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅಡಿಕೆ ದುಡ್ಡಿನಲ್ಲೇ ಓದಿದ ನನಗೆ ಇದನ್ನು ಬರೆಯುವುದು ಸುಲಭವಲ್ಲ. ಆದರೂ ದಿನಕ್ಕೆ ಹತ್ತು ಸಲ ಸಂಚಿ ಬಿಚ್ಚುವ ಚಿಕ್ಕಪ್ಪನಿಗೆ ಹೇಳಿದ್ದೇನೆ: ಬಾಯಲ್ಲಿ ಬಿಳಿ ಕಲೆ ಕಂಡರೆ, ಬಾಯಿ ಪೂರ್ತಿ ತೆರೆಯಲು ಆಗದಿದ್ದರೆ, ಕೊನೆಕೊಯ್ಲು ಮುಗಿಯಲಿ ಅಂತ ಕಾಯಬೇಡ, ಡಾಕ್ಟರಿಗೆ ತೋರಿಸು.