ವಿಮರ್ಶಕರು ಬೈದ ಸಿನಿಮಾ ನನಗಿಷ್ಟ, ಏನ್ ಮಾಡ್ಲಿ?

ಪ್ರಶ್ನೆ: ‘ದಿ ಗ್ರೇಟೆಸ್ಟ್ ಶೋಮ್ಯಾನ್’ ಅನ್ನೋ ಹಾಲಿವುಡ್‌ನ ಹಾಡು ಕುಣಿತದ ಸಿನಿಮಾ ಅಂದ್ರೆ ನನಗೆ ಪ್ರಾಣ. ಹಾಡುಗಳನ್ನು ದಿನಾ ಕೇಳ್ತೀನಿ. ಆದರೆ ಹಳೆ ವಿಮರ್ಶೆ ತೆಗೆದು ಓದಿದರೆ ಎಲ್ಲರೂ ಬೈದಿದ್ದಾರೆ. ಗೆಳೆಯರು ಕೂಡ ‘ಅದೂ ಒಂದು ಸಿನಿಮಾನಾ’ ಅಂತ ನಗ್ತಾರೆ. ನನ್ನ ಅಭಿರುಚಿಯೇ ಸರಿ ಇಲ್ವಾ?

ಉತ್ತರ: ಸರಿಯಾಗೇ ಇದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಬೈದವರೆಲ್ಲ ದಡ್ಡರು ಅಂದಂತಾಗುತ್ತದೆ. ಅವರು ದಡ್ಡರಲ್ಲ. ಅವರ ಒಂದು ಆಕ್ಷೇಪವಂತೂ ನೂರಕ್ಕೆ ನೂರು ಸರಿ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ‘ಎಲ್ಲರೂ ಬೈದಿದ್ದಾರೆ’ ಅನ್ನುವ ಮಾತು. ವಿಮರ್ಶೆಗಳನ್ನು ಒಟ್ಟು ಹಾಕುವ ರಾಟನ್ ಟೊಮೇಟೋಸ್ ಜಾಲತಾಣದಲ್ಲಿ ವಿಮರ್ಶಕರ ಕಡೆಯಿಂದ ಈ ಸಿನಿಮಾಗೆ ಇರುವುದು ಸುಮಾರು 56%. ನೋಡಿದವರು ‘ಅಯ್ಯೋ, ನೂರಕ್ಕೆ 56 ಮಾರ್ಕ್ಸ್’ ಅಂದುಕೊಳ್ಳುತ್ತಾರೆ. ಅದು ಮಾರ್ಕ್ಸ್ ಅಲ್ಲ. ನೂರು ಜನ ವಿಮರ್ಶಕರಲ್ಲಿ 56 ಮಂದಿ ‘ಪರವಾಗಿಲ್ಲ, ನೋಡಬಹುದು’ ಅಥವಾ ಅದಕ್ಕಿಂತ ಒಳ್ಳೆಯ ಮಾತು ಬರೆದಿದ್ದಾರೆ ಅಂತ ಅರ್ಥ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನ ಬೈದೇ ಇಲ್ಲ! ಬೈದವರು ಜೋರಾಗಿ ಬೈದರು, ಅದು ನೆನಪಲ್ಲಿ ಉಳಿಯಿತು. ಸರಾಸರಿ ಅಂಕ ಬೇಕು ಅಂದರೆ ಅಂಥದ್ದೇ ಇನ್ನೊಂದು ಜಾಲತಾಣ ಮೆಟಾಕ್ರಿಟಿಕ್ ನೋಡಬೇಕು, ಅಲ್ಲಿ ನೂರಕ್ಕೆ 48.

ಇನ್ನು ಪ್ರೇಕ್ಷಕರು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅನ್ನುವ ಸಂಸ್ಥೆಯವರು ಮೊದಲ ದಿನ ಸಿನಿಮಾಗೆ ಬಂದವರ ಕೈಗೆ ಚೀಟಿ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಅಲ್ಲಿ ಸಿಕ್ಕಿದ್ದು ‘ಎ’ ದರ್ಜೆ. ಇದನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. ದುಡ್ಡು ಕೊಟ್ಟು ಮೊದಲ ದಿನವೇ ಹಾಡು ಕುಣಿತದ ಸಿನಿಮಾಗೆ ಹೋಗುವವರು ಇಷ್ಟಪಡೋಕೆ ಅಂತಲೇ ಹೋಗಿರುತ್ತಾರೆ. ವಿಮರ್ಶಕರಿಗೆ ಆ ಆಯ್ಕೆ ಇಲ್ಲ. ಆ ವಾರ ಬಂದದ್ದನ್ನು ನೋಡಲೇಬೇಕು, ಮೂಡ್ ಇರಲಿ ಬಿಡಲಿ.

ನನ್ನ ಮಟ್ಟಿಗೆ ನಿಜವಾದ ಮಜಾ ಇರುವುದು ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ. ಸಿನಿಮಾ ಅಮೆರಿಕದಲ್ಲಿ ತೆರೆಗೆ ಬಂದದ್ದು 2017ರ ಡಿಸೆಂಬರ್ 20ರಂದು. ಅದೇ ದಿನ ಹೊಸ ಜುಮಾಂಜಿ ಬಂತು. ಐದು ದಿನ ಮೊದಲೇ ಸ್ಟಾರ್ ವಾರ್ಸ್ ಬಂದು ಕೂತಿತ್ತು. ಸುಮಾರು 8.4 ಕೋಟಿ ಡಾಲರ್ ಸುರಿದ ಸಿನಿಮಾ ಮೊದಲ ವಾರಾಂತ್ಯದಲ್ಲಿ ಗಳಿಸಿದ್ದು ಬರೀ 88 ಲಕ್ಷ ಡಾಲರ್. ಕಥೆ ಮುಗಿಯಿತು ಅನ್ನಬೇಕು. ಎರಡನೇ ವಾರ ಗಳಿಕೆ ಇಳಿಯುವುದೇ ವಾಡಿಕೆ, ಎಷ್ಟೋ ಸಿನಿಮಾಗಳದ್ದು ಅರ್ಧಕ್ಕೇ ಬೀಳುತ್ತದೆ. ಇದರದ್ದು 1.55 ಕೋಟಿಗೆ ಏರಿತು! ಆಮೇಲೆ ವಾರಗಟ್ಟಲೆ ತೀರಾ ನಿಧಾನವಾಗಿ ಇಳಿಯುತ್ತಾ, ಕೊನೆಗೆ ಅಮೆರಿಕ ಮತ್ತು ಕೆನಡಾದಲ್ಲೇ 17 ಕೋಟಿ ಡಾಲರ್ ದಾಟಿ, ಇಡೀ ಪ್ರಪಂಚದಲ್ಲಿ 43 ಕೋಟಿ ದಾಟಿತು. ಜಾಹೀರಾತಿನಿಂದ ಮೊದಲ ವಾರ ತುಂಬಿಸಬಹುದು, ಐದನೇ ವಾರ ತುಂಬಿಸಲು ಆಗುವುದಿಲ್ಲ. ನೋಡಿದವರು ಇನ್ನೊಬ್ಬರನ್ನು ಎಳೆದುಕೊಂಡು ಬಂದಿದ್ದಾರೆ, ತಾವೂ ಮತ್ತೆ ಬಂದಿದ್ದಾರೆ.

ಯಾಕೆ ಬಂದರು? ಹಾಡಿಗೆ. ಬೆಂಜ್ ಪಸೆಕ್ ಮತ್ತು ಜಸ್ಟಿನ್ ಪಾಲ್ ಜೋಡಿಯ ಹಾಡುಗಳ ಆಲ್ಬಮ್ 2018ರಲ್ಲಿ ಇಡೀ ಪ್ರಪಂಚದಲ್ಲೇ ಅತಿ ಹೆಚ್ಚು ಮಾರಾಟವಾಯಿತು. ಬ್ರಿಟನ್‌ನಲ್ಲಿ ಒಟ್ಟು 28 ವಾರ ಮೊದಲ ಸ್ಥಾನದಲ್ಲಿತ್ತು. ಪರದೆ ಮೇಲೆ ಸಾಹಿತ್ಯ ತೋರಿಸಿ, ಬಂದವರೆಲ್ಲ ಜೊತೆಗೆ ಹಾಡುವ ವಿಶೇಷ ಪ್ರದರ್ಶನಗಳನ್ನೂ ಚಿತ್ರಮಂದಿರಗಳು ಇಟ್ಟವು. ನಮ್ಮ ಕಂಪನಿ ನಾಟಕಗಳಲ್ಲಿ ಒಂದು ಕಂದ ಮುಗಿದ ಕೂಡಲೇ ‘ವನ್ಸ್ ಮೋರ್’ ಕೂಗಿ, ಸತ್ತು ಬಿದ್ದ ಪಾತ್ರವನ್ನೂ ಎಬ್ಬಿಸಿ ಹಾಡಿಸುತ್ತಿದ್ದರಂತಲ್ಲ, ಆ ಜನಕ್ಕೆ ಇದು ಚೆನ್ನಾಗಿ ಅರ್ಥವಾಗುತ್ತಿತ್ತು.

ವಿಮರ್ಶಕರಿಗೂ ನಿಮಗೂ ದಾರಿ ಬೇರೆಯಾಗುವುದು ಇಲ್ಲೇ. ಅವರು ಒಂದೇ ಸಲ ನೋಡಿ, ಬೇಗ ಬರೆದು ಕೊಡಬೇಕು. ಮೊದಲ ಸಲ ನೋಡುವಾಗ ಕಣ್ಣಿಗೆ ಬೀಳುವುದು ಕಥೆ. ಈ ಸಿನಿಮಾದ ಕಥೆ ತೆಳು, ಅದನ್ನು ಒಪ್ಪಿಕೊಳ್ಳಿ. ಬಡ ಹುಡುಗ, ಶ್ರೀಮಂತ ಹುಡುಗಿ, ಏಳು, ಬೀಳು, ಮತ್ತೆ ಏಳು. ಹಾಡು ಹಾಗಲ್ಲ. ಹತ್ತು ಸಲ ಕೇಳಿದ ಮೇಲೆ ಅದು ನಿಮ್ಮದಾಗುತ್ತದೆ, ಆಮೇಲೆ ಅದೇ ದೃಶ್ಯ ನೋಡಿದರೆ ಬೇರೆಯೇ ಸಿನಿಮಾ. ನಮ್ಮ ನಿರ್ಮಾಪಕರಿಗೆ ಇದು ಯಾವತ್ತೋ ಗೊತ್ತಿತ್ತು. ಅದಕ್ಕೇ ಸಿನಿಮಾಗಿಂತ ಮೊದಲು ಕ್ಯಾಸೆಟ್ ಬಿಡುತ್ತಿದ್ದರು, ಈಗ ಲಿರಿಕಲ್ ವಿಡಿಯೋ ಬಿಡುತ್ತಾರೆ.

19ನೇ ಶತಮಾನದ ಕಥೆಗೆ ಇವತ್ತಿನ ಪಾಪ್ ಸಂಗೀತ ಹಾಕಿದ್ದಾರೆ ಅನ್ನುವುದು ಇನ್ನೊಂದು ದೂರು. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಪೌರಾಣಿಕ ಚಿತ್ರಗಳಲ್ಲಿ ನಾರದ ಬಂದಾಗ ಹಿಂದೆ ಪಿಟೀಲುಗಳ ದಂಡೇ ನುಡಿಯುತ್ತದೆ. ತ್ರೇತಾಯುಗದಲ್ಲಿ ಪಿಟೀಲು ಎಲ್ಲಿತ್ತು ಅಂತ ಯಾರಾದರೂ ಕೇಳಿದ್ದಾರಾ?

ಈಗ ಆ ನೂರಕ್ಕೆ ನೂರು ಸರಿಯಾದ ಆಕ್ಷೇಪ. ಸಿನಿಮಾದ ನಾಯಕ, ಹ್ಯೂ ಜ್ಯಾಕ್‌ಮನ್ ಮಾಡಿರುವ ಪಿ.ಟಿ. ಬಾರ್ನಮ್ ಅಮೆರಿಕದಲ್ಲಿ ನಿಜವಾಗಿ ಇದ್ದ ಮನುಷ್ಯ. ಸಿನಿಮಾದಲ್ಲಿ ಅವನು ಸಮಾಜ ದೂರ ಇಟ್ಟವರಿಗೆ ಮನೆ ಕೊಟ್ಟ ದೊಡ್ಡ ಮನಸ್ಸಿನವನು. ನಿಜದ ಬಾರ್ನಮ್ 1835ರಲ್ಲಿ ಪ್ರದರ್ಶನದ ಧಂದೆ ಶುರು ಮಾಡಿದ್ದು ಜಾಯ್ಸ್ ಹೆತ್ ಎಂಬ ಕಪ್ಪು ಮುದುಕಿಯನ್ನು ಇಟ್ಟುಕೊಂಡು. ಆಕೆ ಗುಲಾಮಳು, ಕಣ್ಣು ಕಾಣುತ್ತಿರಲಿಲ್ಲ, ಮೈ ಹೆಚ್ಚುಕಡಿಮೆ ಸ್ವಾಧೀನದಲ್ಲಿ ಇರಲಿಲ್ಲ. ಆಕೆಗೆ 161 ವರ್ಷ, ಜಾರ್ಜ್ ವಾಷಿಂಗ್ಟನ್‌ರನ್ನು ಎತ್ತಿ ಆಡಿಸಿದ ದಾದಿ ಅಂತ ಸುಳ್ಳು ಹೇಳಿ ಟಿಕೆಟ್ ಮಾರಿದ. ಮರುವರ್ಷ ಆಕೆ ಸತ್ತಾಗ ಹೆಣವನ್ನು ಜನರ ಮುಂದೆ ಕೊಯ್ಯಿಸಿ, ಅದನ್ನು ನೋಡುವುದಕ್ಕೂ ತಲೆಗೆ 50 ಸೆಂಟ್ ವಸೂಲಿ ಮಾಡಿದ. ಸಿನಿಮಾದಲ್ಲಿ ಇದರ ಸುಳಿವೇ ಇಲ್ಲ. ಕುಳ್ಳನಾಗಿ ಬರುವ ಟಾಮ್ ಥಂಬ್ ಸಿನಿಮಾದಲ್ಲಿ ದೊಡ್ಡವನು. ನಿಜದಲ್ಲಿ ಬಾರ್ನಮ್ ಕೈಗೆ ಸಿಕ್ಕಾಗ ಅವನಿಗೆ ನಾಲ್ಕು ವರ್ಷ, ಜಾಹೀರಾತಿನಲ್ಲಿ ಹನ್ನೊಂದು ಅಂತ ಹಾಕಿಸಿದ್ದ. ಸಿನಿಮಾದಲ್ಲಿ ಹರೆಯದಲ್ಲೇ ನಡೆಸುವ ಸರ್ಕಸ್ ನಿಜದಲ್ಲಿ ಶುರುವಾದದ್ದು 1871ರಲ್ಲಿ, ಬಾರ್ನಮ್‌ಗೆ 60 ವರ್ಷ ಆದ ಮೇಲೆ.

ಜಾಣತನ ನೋಡಿ: ಇಂಥ ಮಾತು ಬರುತ್ತದೆ ಅಂತ ಸಿನಿಮಾಗೆ ಮೊದಲೇ ಗೊತ್ತು. ಅದಕ್ಕೇ ಕಥೆಯೊಳಗೇ ಮುಖ ಗಂಟಿಕ್ಕಿಕೊಂಡ ಒಬ್ಬ ವಿಮರ್ಶಕನನ್ನು ಇಟ್ಟಿದೆ. ಅವನು ‘ಎಲ್ಲಾ ಮೋಸ’ ಅನ್ನುತ್ತಾನೆ, ಬಾರ್ನಮ್ ಪ್ರೇಕ್ಷಕರ ನಗು ಮೋಸವಲ್ಲವಲ್ಲ ಅನ್ನುತ್ತಾನೆ. ಚೆನ್ನಾಗಿದೆ ಮಾತು. ಆದರೆ ನಗು ನಿಜ ಅಂದ ಮಾತ್ರಕ್ಕೆ ಟಿಕೆಟ್ ಮೇಲೆ ಬರೆದ ಸುಳ್ಳು ನಿಜ ಆಗುವುದಿಲ್ಲ, ಅಲ್ವಾ? ಹೊರಗಿನ ವಿಮರ್ಶಕರಿಗೆ ಮೈ ಉರಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಹಾಡನ್ನು ಇಷ್ಟಪಡುವುದು ತಪ್ಪಾ? ‘ದಿಸ್ ಈಸ್ ಮಿ’ ದೃಶ್ಯವನ್ನು ಇನ್ನೊಂದು ಸಲ ನೋಡಿ. ದೊಡ್ಡ ಮನುಷ್ಯರ ಪಾರ್ಟಿಗೆ ಬಾರ್ನಮ್ ತಂಡದ ಕಲಾವಿದರು ಬರುತ್ತಾರೆ. ಅವರ ಮುಖದ ಮೇಲೆ ಬಾಗಿಲು ಹಾಕುವುದು ಯಾರು? ಖಳನಾಯಕನಲ್ಲ, ಬಾರ್ನಮ್ಮೇ. ಆ ಹಾಡಿನ ಸಿಟ್ಟು ನಾಯಕನ ಮೇಲೇ. ಗಡ್ಡದ ಹೆಂಗಸಿನ ಪಾತ್ರದ ಕಿಯಾಲಾ ಸೆಟಲ್ ಅದನ್ನು ಹಾಡುವಾಗ ಬಾರ್ನಮ್‌ಗೆ ವಿಮರ್ಶಕರು ಕೇಳಿದ್ದಕ್ಕಿಂತ ಜೋರಾದ ಉತ್ತರ ಸಿಗುತ್ತದೆ. ಆ ಹಾಡಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಕೂಡ ಬಂತು. ಆಮೇಲೆ ಸಿನಿಮಾ ಅವನನ್ನು ತೀರಾ ಬೇಗ ಕ್ಷಮಿಸಿಬಿಡುತ್ತದೆ, ಅದು ಬೇರೆ ವಿಷಯ. ನಿಮಗೆ ಆ ಹಾಡು ಇಷ್ಟವಾದರೆ ನೀವು ಬಾರ್ನಮ್ ಪಕ್ಷ ಅಲ್ಲ. ಗೆಳೆಯರಿಗೆ ಇದನ್ನೇ ಹೇಳಿ. ಮಕ್ಕಳ ಜೊತೆ ನೋಡಿದರೆ ಜಾಯ್ಸ್ ಹೆತ್ ಕಥೆಯನ್ನೂ ಹೇಳಿ.

ಒಂದು ಕಡೆ ಮಾತ್ರ ನಾನು ಪೂರ್ತಿ ವಿಮರ್ಶಕರ ಜೊತೆ. ಸ್ವೀಡನ್‌ನ ಗಾಯಕಿ ಜೆನ್ನಿ ಲಿಂಡ್ 1850ರಲ್ಲಿ ಅಮೆರಿಕಕ್ಕೆ ಬಂದದ್ದು, ಗಳಿಸಿದ್ದರಲ್ಲಿ ಬಹುಪಾಲು ಶಾಲೆಗಳಿಗೆ, ದಾನಕ್ಕೆ ಕೊಟ್ಟದ್ದು, ಬಾರ್ನಮ್‌ನ ಅತಿಯಾದ ವ್ಯಾಪಾರ ಹಿಡಿಸದೆ ಮರುವರ್ಷ ಒಪ್ಪಂದ ಮುರಿದುಕೊಂಡದ್ದು ಇವೆಲ್ಲ ನಡೆದ ಸಂಗತಿ. ಸಿನಿಮಾ ಆಕೆಯನ್ನು ಪ್ರೇಮ ಫಲಿಸಲಿಲ್ಲ ಅಂತ ಮುನಿಸಿಕೊಂಡು ಹೋಗುವವಳನ್ನಾಗಿ ಮಾಡಿದೆ. ತೆರೆ ಮೇಲೆ ರೆಬೆಕಾ ಫರ್ಗುಸನ್, ಕಂಠ ಲೊರೆನ್ ಆಲ್ರೆಡ್ ಅವರದು. ಹಿನ್ನೆಲೆ ಗಾಯನ ನಮಗೇನೂ ಹೊಸದಲ್ಲ, ಹಾಡು ಅದ್ಭುತವಾಗಿದೆ. ಅದು ಮುಗಿಯುವ ತನಕ ಕೂತಿರಿ. ಆಮೇಲೆ ಬಾರ್ನಮ್, ಲಿಂಡ್ ಇಬ್ಬರ ಊರೂರು ಸುತ್ತಾಟ ಶುರುವಾದಾಗ ಕಾಫಿ ಮಾಡಿಕೊಳ್ಳಲು ಎದ್ದು ಹೋದರೂ ನಷ್ಟವಿಲ್ಲ.