ಒಪ್ಪಿಗೆ ಬೇರೆ, ಒಪ್ಪಿಕೊಳ್ಳುವುದು ಬೇರೆ

ಆಪ್ತಸಮಾಲೋಚನೆಯ ಕೊಠಡಿಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಯಾವುದೆಂದು ಯಾರಾದರೂ ವಿಚಾರಿಸಿದರೆ ಯೋಚಿಸದೆ ಹೇಳಬಲ್ಲೆ: "ಎಲ್ಲ ಗೊತ್ತು, ಆದರೆ ಮನಸ್ಸು ಒಪ್ಪುತ್ತಿಲ್ಲ." ನಿವೃತ್ತರಾದವರು, ವಿಚ್ಛೇದನ ಪಡೆದವರು, ಸಂಗಾತಿಯನ್ನು ಕಳೆದುಕೊಂಡವರು, ಮಕ್ಕಳು ದೂರ ಹೋದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರು, ಕಾಯಿಲೆಯೊಂದರ ಹೆಸರನ್ನು ವೈದ್ಯರ ಬಾಯಿಂದ ಮೊದಲ ಸಲ ಕೇಳಿಸಿಕೊಂಡು ಬಂದವರು, ಇವರೆಲ್ಲರ ಸಂಕಟ ಬೇರೆಬೇರೆ, ಮಾತು ಮಾತ್ರ ಒಂದೇ. ಹಾಗೆ ಹೇಳುವಾಗ ಅವರು ಮನಸ್ಸನ್ನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಹಟಮಾರಿ ಹಿರಿಯರೊಬ್ಬರಂತೆ ವರ್ಣಿಸುತ್ತಾರೆ. ಆ ಹಿರಿಯರು ಹೊರಬಂದು 'ಆಗಲಿ' ಎನ್ನುವವರೆಗೆ ಮನೆಯಲ್ಲಿ ಯಾವ ಕೆಲಸವೂ ಮುಂದುವರಿಯುವಂತಿಲ್ಲ. ನನ್ನಲ್ಲಿ ಅವರ ಕೋರಿಕೆಯೂ ಇಷ್ಟೇ: ತಾವು ಒಳಗೆ ಹೋಗಿ ಅವರನ್ನು ಹೇಗಾದರೂ ಒಪ್ಪಿಸಿಕೊಡಬೇಕು.

ಬದಲಾವಣೆ ಜಗದ ನಿಯಮ ಎಂಬುದನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಅದು ತಿಳಿಯದೆ ನನ್ನ ಬಳಿಗೆ ಬಂದವರು ಈವರೆಗೆ ಒಬ್ಬರೂ ಇಲ್ಲ. ಹೆಚ್ಚಿನವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅದನ್ನು ನನಗೇ ಹೇಳಿಬಿಡುತ್ತಾರೆ. ತೊಡಕಿರುವುದು ಆ ನಿಯಮದಲ್ಲಲ್ಲ, 'ಒಪ್ಪು' ಎಂಬ ಪುಟ್ಟ ಕ್ರಿಯಾಪದದಲ್ಲಿ.

ನಮ್ಮ ಭಾಷೆಯಲ್ಲಿ ಈ ಪದದ ಮೇಲೆ ಹೊರೆ ಜಾಸ್ತಿ. ಈ ಬಣ್ಣ ನಿಮಗೆ ಒಪ್ಪುತ್ತದೆ ಎಂದಾಗ ಅದು ಚೆಂದದ ಮಾತು. ಕರಾರಿಗೆ ಒಪ್ಪಿದರು ಎಂದಾಗ ಅದು ಸಮ್ಮತಿ. ಒಲ್ಲೆ ಎನ್ನುವ ಸ್ವಾತಂತ್ರ್ಯವೂ ಅವರಿಗಿತ್ತು, ಹಾಗೆಂದಿದ್ದರೆ ಕರಾರು ಆಗುತ್ತಲೇ ಇರಲಿಲ್ಲ. ಆದರೆ ತಪ್ಪನ್ನು ಒಪ್ಪಿಕೊಂಡ ಎಂದಾಗ, ಆ ತಪ್ಪು ಅವನಿಗೆ ಇಷ್ಟವಾಯಿತೆಂದಾಗಲಿ ಅದಕ್ಕೆ ಅವನು ಅನುಮತಿ ಕೊಟ್ಟನೆಂದಾಗಲಿ ಯಾರೂ ಭಾವಿಸುವುದಿಲ್ಲ. ನಡೆದದ್ದನ್ನು ನಡೆದಿಲ್ಲ ಎನ್ನುವುದನ್ನು ಅವನು ಬಿಟ್ಟ ಎಂದಷ್ಟೇ ಅದರ ಅರ್ಥ. ಬದಲಾವಣೆಯನ್ನು ಒಪ್ಪಿಕೊಳ್ಳಿ ಎಂದು ನಾವು ಹೇಳುವುದು ಈ ಮೂರನೆಯ ಅರ್ಥದಲ್ಲಿ. ಕೇಳುವವರ ಕಿವಿಗೆ ಬೀಳುವುದು ಎರಡನೆಯದು. "ನನ್ನ ಗಂಡ ಸತ್ತದ್ದಕ್ಕೆ ನಾನು ಹೇಗೆ ಒಪ್ಪಲಿ?" ಎಂದು ಒಬ್ಬ ಮಹಿಳೆ ಕೇಳಿದಾಗ ಆಕೆಯ ವಿಭಕ್ತಿ ಪ್ರತ್ಯಯವೇ ಎಲ್ಲವನ್ನೂ ಹೇಳುತ್ತಿತ್ತು. ಸತ್ತದ್ದನ್ನು ಎನ್ನಲಿಲ್ಲ, ಸತ್ತದ್ದಕ್ಕೆ ಎಂದರು. ಆ ಸಾವು ತನ್ನ ರುಜುವಿಗಾಗಿ ಇನ್ನೂ ಕಾಯುತ್ತಿದೆ, ತಾನು ರುಜು ಹಾಕದಿದ್ದರೆ ಅದು ಪೂರ್ತಿ ಆಗಿಲ್ಲ ಎಂಬ ಭಾವ ಅದರಲ್ಲಿತ್ತು. ಈ ಭಾವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರಲ್ಲಿ ಪ್ರೀತಿಯ ನಿಷ್ಠೆಯಿದೆ. ಆದರೆ ವರ್ಷಗಟ್ಟಲೆ ಆ ರುಜುವನ್ನು ತಡೆಹಿಡಿದು ಕುಳಿತವರು ತೆರುವ ಬೆಲೆಯನ್ನು ಹತ್ತಿರದಿಂದ ನೋಡುವುದು ನನ್ನ ಕೆಲಸವಾದ್ದರಿಂದ ಸುಮ್ಮನಿರುವುದೂ ಆಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿವೃತ್ತ ಉಪಾಧ್ಯಾಯರೊಬ್ಬರಿಗೆ ಕಿವಿ ಮಂದವಾಗುತ್ತ ಬಂದಿತ್ತು. ಶ್ರವಣ ತಜ್ಞರು ಪರೀಕ್ಷಿಸಿ ಶ್ರವಣ ಸಾಧನವನ್ನು ಕೊಟ್ಟು ಹನ್ನೊಂದು ತಿಂಗಳಾಗಿದ್ದರೂ ಅದು ಪೆಟ್ಟಿಗೆಯಲ್ಲೇ ಇತ್ತು. ಮಗಳ ಒತ್ತಾಯಕ್ಕೆ ಅವರು ಆ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ತೆರೆದರು. ಅಂಗಿಯ ಗುಂಡಿಗಿಂತ ಚಿಕ್ಕದಾದ ಬ್ಯಾಟರಿಗಳ ಮೇಲೆ ಅಂಟಿಸಿದ್ದ ಬಣ್ಣದ ಚೀಟಿಗಳು ಹಾಗೆಯೇ ಇದ್ದವು. ಈ ಬಗೆಯ ಸತು-ಗಾಳಿ ಬ್ಯಾಟರಿಗಳ ಸ್ವಭಾವವೇ ವಿಚಿತ್ರ: ಚೀಟಿಯನ್ನು ಕಿತ್ತಾಗ ಸಣ್ಣ ರಂಧ್ರಗಳ ಮೂಲಕ ಗಾಳಿ ಒಳಹೊಕ್ಕು ಅದು ಜೀವ ತಳೆಯುತ್ತದೆ, ಅಲ್ಲಿಂದ ಬಳಸಿದರೂ ಬಳಸದಿದ್ದರೂ ಅದರ ಆಯಸ್ಸು ಕರಗುತ್ತದೆ, ಮತ್ತೆ ಚೀಟಿ ಅಂಟಿಸಿ ಹಿಂದಕ್ಕೆ ಹೋಗುವಂತಿಲ್ಲ. ಮೇಷ್ಟರಿಗೆ ಇದು ಚೆನ್ನಾಗಿ ಗೊತ್ತಿತ್ತು. "ಇದನ್ನು ಕಿತ್ತರೆ ನಾನು ಕಿವುಡ ಅಂತ ಒಪ್ಪಿದ ಹಾಗಾಗುತ್ತದೆ," ಎಂದರು. ನಾನು ಅದಕ್ಕೆ ಉತ್ತರ ಕೊಟ್ಟೆ, ಅವರಿಗೆ ಕೇಳಿಸಲಿಲ್ಲ. ಮಗಳು ಅದನ್ನೇ ಗಟ್ಟಿಯಾಗಿ ಮತ್ತೆ ಹೇಳಬೇಕಾಯಿತು. ಮೂವರೂ ಒಂದು ಕ್ಷಣ ಸುಮ್ಮನಾದೆವು, ಆಮೇಲೆ ಮೊದಲು ನಕ್ಕವರು ಅವರೇ.

ಅವರು ಒಪ್ಪದೆ ಇದ್ದುದರಿಂದ ಕಿವಿಯೇನೂ ನೆಟ್ಟಗಾಗಿರಲಿಲ್ಲ. ಆ ಹನ್ನೊಂದು ತಿಂಗಳಲ್ಲಿ ನಿಂತದ್ದು ಬೇರೆ: ಮೊಮ್ಮಗಳೊಂದಿಗೆ ದೂರವಾಣಿಯ ಮಾತು, ಸಂಜೆಯ ಗೆಳೆಯರ ಕೂಟ, ಊಟದ ಹೊತ್ತಿನ ಚರ್ಚೆ. ಬದಲಾವಣೆ ನಮ್ಮ ಅನುಮತಿಯನ್ನು ಕೇಳಿ ಬರುವುದಿಲ್ಲ, ಅದನ್ನು ತಡೆಹಿಡಿದರೆ ಹೊರಟುಹೋಗುವುದೂ ಇಲ್ಲ. ತಡೆಹಿಡಿದವರ ದಿನಚರಿ ಮಾತ್ರ ಕುಗ್ಗುತ್ತ ಹೋಗುತ್ತದೆ.

ಇಷ್ಟು ಹೇಳಿದಾಗ ಬುದ್ಧಿವಂತರು ಒಂದು ಆಕ್ಷೇಪ ಎತ್ತುತ್ತಾರೆ, ಅದು ಸರಿಯಾದದ್ದೂ ಹೌದು: ಹಾಗಾದರೆ ಬಂದದ್ದನ್ನೆಲ್ಲ ತಲೆತಗ್ಗಿಸಿ ಸಹಿಸಬೇಕೇ? ಖಂಡಿತ ಇಲ್ಲ. ನಾನು ಒಪ್ಪದಿದ್ದರೆ ಇದು ನಿಲ್ಲುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ ಎನ್ನುತ್ತೇನೆ. ಕಚೇರಿಯಲ್ಲಿ ಅನ್ಯಾಯದ ಆದೇಶ ಬಂದಿದೆ, ಮೇಲ್ಮನವಿಗೆ ಅವಕಾಶವಿದೆ. ಮನೆಯಲ್ಲಿ ಒಬ್ಬರು ಕೈಮಾಡಲು ಶುರುಮಾಡಿದ್ದಾರೆ. ಇಂಥಲ್ಲಿ ಒಪ್ಪದಿರುವುದೇ ಸರಿ, ಅದಕ್ಕೆ ಬೇಕಾದ ನೆರವನ್ನು ಹುಡುಕುವುದೇ ಕೆಲಸ. ಅಲ್ಲಿಯೂ 'ಹೀಗೆ ನಡೆಯುತ್ತಿದೆ' ಎಂದು ಒಪ್ಪಿಕೊಂಡವರು ಮಾತ್ರ ಎದುರಿಸಬಲ್ಲರು ಎಂಬುದನ್ನು ಗಮನಿಸಬೇಕು. ಏಟು ತಿಂದು ಏನೂ ಆಗಿಲ್ಲ ಎನ್ನುವವರು ಯಾರ ಬಳಿ ದೂರು ಹೇಳಿಯಾರು? ಒಪ್ಪಿಕೊಳ್ಳುವುದಕ್ಕೂ ಶರಣಾಗುವುದಕ್ಕೂ ಇರುವ ದೂರ ಇದು. ಈ ಎರಡನ್ನು ಒಂದೇ ಎಂದು ತಿಳಿದವರಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಮುಂದಿನ ವಾರ ಮತ್ತೆ ಹೇಳಲಿದ್ದೇನೆಂಬುದರಲ್ಲಿ ಅನುಮಾನವೂ ಇಲ್ಲ.

ಎರಡನೆಯ ತಪ್ಪು ಇದರ ಬೆನ್ನಿಗೇ ಅಂಟಿಕೊಂಡು ಬರುತ್ತದೆ. ಮನಸ್ಸು ಮೊದಲು ಒಪ್ಪಬೇಕು, ಕೈಕಾಲು ಆಮೇಲೆ ಆಡಬೇಕು ಎಂಬ ಅನುಕ್ರಮವನ್ನು ಜನ ಪ್ರಶ್ನಿಸುವುದೇ ಇಲ್ಲ. ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ, ಪೀಟರ್ ಲೆವಿನ್ಸನ್ ಮುಂತಾದವರ ಕೆಲಸದ ನಂತರ, ಈ ಅನುಕ್ರಮವನ್ನು ತಿರುಗಿಸಿ ನೋಡುವ ರೂಢಿ ಬೆಳೆದಿದೆ: ಉತ್ಸಾಹ ಬರಲಿ ಎಂದು ಕಾಯದೆ ಚಟುವಟಿಕೆಯನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸುವುದು, ಭಾವನೆ ಅದರ ಹಿಂದೆ ನಿಧಾನವಾಗಿ ಬರಲು ಬಿಡುವುದು. ಎಲ್ಲರಿಗೂ ಎಲ್ಲ ಸಂದರ್ಭದಲ್ಲೂ ಇದೊಂದೇ ಸಾಕಾಗುತ್ತದೆಂದು ನಾನು ಹೇಳಲಾರೆ. ಆದರೆ ಬದಲಾದ ಬದುಕಿಗೆ ಹೊಂದಿಕೊಳ್ಳುವ ವಿಷಯದಲ್ಲಿ ನನ್ನ ಅನುಭವ ಇದನ್ನೇ ಹೇಳುತ್ತದೆ. ಮನಸ್ಸು ಒಪ್ಪುವುದು ವಾದದಿಂದಲ್ಲ, ಬಳಕೆಯಿಂದ.

ಆಗ ಬರುವ ಪ್ರಶ್ನೆ: ಎಷ್ಟು ದಿನ? ಇಪ್ಪತ್ತೊಂದು ದಿನ ಸಾಕಂತೆ ಹೌದೇ ಎಂದು ಅರ್ಧದಷ್ಟು ಜನ ಕೇಳುತ್ತಾರೆ. ಈ ಸಂಖ್ಯೆಗೆ ಒಂದು ಮೂಲವಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸಕರು, ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನಗಳಷ್ಟಾದರೂ ಬೇಕಾಗುವುದನ್ನು ಕಂಡು 1960ರಲ್ಲಿ ಬರೆದರು. 'ಕನಿಷ್ಠ' ಎಂಬ ಪದ ಬಾಯಿಂದ ಬಾಯಿಗೆ ಹೋಗುವಾಗ ಎಲ್ಲೋ ಬಿದ್ದುಹೋಯಿತು. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನನಿತ್ಯದ ಒಂದು ಸಣ್ಣ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನಗಳು ಹಿಡಿದವು. ವ್ಯತ್ಯಾಸ 18ರಿಂದ 254 ದಿನಗಳವರೆಗೂ ಇತ್ತು. ಮಾತ್ರವಲ್ಲ, ಅದು ಒಂದು ಲೋಟ ನೀರು ಕುಡಿಯುವಂಥ ಅಭ್ಯಾಸಗಳ ಮಾತು. ಮೂವತ್ತು ವರ್ಷದ ದಾಂಪತ್ಯದ ನಂತರ ಒಬ್ಬರೇ ಮಲಗಿ ಏಳುವುದನ್ನು ಕಲಿಯುತ್ತಿರುವವರಿಗೆ ಗಡುವು ಹಾಕುವ ಧೈರ್ಯ ನನಗಂತೂ ಇಲ್ಲ.

ಗಡುವಿನಂತೆಯೇ ಹಂತಗಳ ಗೀಳೂ ಇದೆ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಕೊನೆಗೆ ಸ್ವೀಕಾರ ಎಂಬ ಐದು ಹಂತಗಳನ್ನು ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ. ಅದನ್ನೀಗ ಕೆಲಸ ಹೋದವರಿಂದ ಮನೆ ಬದಲಿಸಿದವರವರೆಗೆ ಎಲ್ಲರಿಗೂ ಹೊಂದಿಸಲಾಗಿದೆ, ಶಾಲೆಯ ತರಗತಿಗಳಂತೆ. "ಕೋಪ ಮುಗಿದಿತ್ತು, ಮತ್ತೆ ಬಂದಿದೆ, ನಾನು ಹಿಂದಕ್ಕೆ ಬಿದ್ದೆನೇ?" ಎಂದು ಅಳುವವರನ್ನು ಸಮಾಧಾನಪಡಿಸಲು ನನಗೆ ಹೆಚ್ಚು ನೆರವಾಗುವುದು ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ಚಿತ್ರ. ಅವರ ಪ್ರಕಾರ ಶೋಕದಲ್ಲಿರುವವರು ಕಳೆದುಕೊಂಡದ್ದರ ಕಡೆಗೂ ಕಟ್ಟಿಕೊಳ್ಳಬೇಕಾದದ್ದರ ಕಡೆಗೂ ತೂಗುಯ್ಯಾಲೆಯಂತೆ ಓಲಾಡುತ್ತಾರೆ, ಆ ಓಲಾಟವೇ ಹೊಂದಿಕೊಳ್ಳುವ ಬಗೆ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಖಾತೆಯ ಹೆಸರು ಬದಲಿಸಿದ್ದೂ ಕೆಲಸ, ಮಧ್ಯಾಹ್ನ ಹಳೆಯ ಪಾಸ್‌ಬುಕ್ಕನ್ನು ಹಿಡಿದು ಅತ್ತದ್ದೂ ಕೆಲಸ.

ಬಯಸಿ ಪಡೆದ ಬದಲಾವಣೆಯಲ್ಲಿ ಅಳು ಬಂದರೆ ಜನ ಇನ್ನಷ್ಟು ಕುಗ್ಗುತ್ತಾರೆ. ಬಡ್ತಿಗಾಗಿ ವರ್ಷಗಟ್ಟಲೆ ದುಡಿದು, ಬಡ್ತಿ ಬಂದ ದಿನ ಹಳೆಯ ಮೇಜನ್ನು ಖಾಲಿ ಮಾಡುವಾಗ ಕಣ್ಣೀರು ಹಾಕಿದ್ದನ್ನು ಅಪರಾಧದಂತೆ ಹೇಳಿಕೊಂಡವರಿದ್ದಾರೆ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ 43 ಜೀವನ ಘಟನೆಗಳು ಬೇಡುವ ಹೊಂದಾಣಿಕೆಗೆ ಅಂಕ ಕೊಟ್ಟಾಗ ಸಂಗಾತಿಯ ಮರಣಕ್ಕೆ 100 ಬಂದರೆ, ಮದುವೆಗೆ 50 ಬಂದಿತ್ತು. ಕೆಲಸದಿಂದ ವಜಾ ಆಗುವುದಕ್ಕೆ ಬಂದದ್ದು 47 ಮಾತ್ರ. ಆ ಪಟ್ಟಿಯ ಮಿತಿಗಳ ಬಗ್ಗೆ ನಂತರ ಸಾಕಷ್ಟು ಟೀಕೆ ಬಂದಿದೆಯಾದರೂ, ಸಂತೋಷವೂ ಹೊರೆಯೇ ಎಂಬ ಮಾತಿಗೆ ನಾನು ಅದನ್ನು ಈಗಲೂ ತೋರಿಸುತ್ತೇನೆ.

ಮನೆಯವರ ಬಗ್ಗೆಯೂ ಒಂದು ಮಾತು ಹೇಳಬೇಕು, ಸ್ವಲ್ಪ ಕಟುವಾದರೂ ಸರಿ. ಎರಡನೆಯ ವಾರದಲ್ಲೇ "ಆದದ್ದು ಆಯಿತು, ಒಪ್ಪಿಕೊಂಡುಬಿಡು" ಎನ್ನುವವರು ಎದುರಿನವರ ನೋವಿಗಿಂತ ಆ ನೋವನ್ನು ನೋಡುವ ತಮ್ಮ ಇರುಸುಮುರುಸನ್ನು ಮುಗಿಸಲು ಆತುರಪಡುತ್ತಿರುತ್ತಾರೆ. 'ಬಿಡು' ಎಂಬ ಆ ಬಾಲವೇ ಆತುರದ ಗುರುತು. ಬಾಯಿಮಾತಿನಲ್ಲಿ ಒಪ್ಪಿಸಿಕೊಂಡರೆ ಸಿಗುವುದು ಮಕ್ಕಳು ಮಗ್ಗಿ ಒಪ್ಪಿಸಿದಂಥ ಒಪ್ಪಿಗೆ. ಅದಕ್ಕಿಂತ ಜೊತೆಗೆ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗೆಂದು ಎಲ್ಲವನ್ನೂ ಕಾಲಕ್ಕೇ ಬಿಡಬೇಕೆಂದಲ್ಲ. ಬದಲಾವಣೆಯಾದ ಮೂರು ತಿಂಗಳೊಳಗೆ ಆರಂಭವಾಗಿ, ಕಾರಣಕ್ಕೆ ಮೀರಿದಷ್ಟು ತೀವ್ರವಾಗಿ ಕೆಲಸಕಾರ್ಯಗಳನ್ನೇ ಕೆಡಿಸುವ ಸ್ಥಿತಿಯನ್ನು ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಹೊಂದಾಣಿಕೆಯ ಅಸ್ವಸ್ಥತೆ ಎಂದು ಪ್ರತ್ಯೇಕವಾಗಿಯೇ ಗುರುತಿಸುತ್ತದೆ. ಅದಕ್ಕೆ ಚಿಕಿತ್ಸೆಯೂ ಇದೆ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆನ್ನಿಸುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಇಂಥ ಅಂಕಣಗಳನ್ನು ಓದುತ್ತ ಕೂರದೆ ಮನೋವೈದ್ಯರನ್ನು ಕಾಣಬೇಕು, ಅಂದೇ ಕಾಣಬೇಕು.

ಮೇಷ್ಟರ ವಿಷಯಕ್ಕೆ ಬರುತ್ತೇನೆ. ಒಪ್ಪುವುದೇನೂ ಬೇಡ, ಕಿವುಡುತನವನ್ನು ಬೈಯುತ್ತಲೇ ದಿನಕ್ಕೆ ಒಂದು ಗಂಟೆ, ಮನೆಯಲ್ಲಿ ಯಾರೂ ಗದ್ದಲ ಮಾಡದ ಹೊತ್ತಿನಲ್ಲಿ ಹಾಕಿಕೊಳ್ಳಿ ಎಂದೆ. ಶ್ರವಣ ತಜ್ಞರೂ ಮೊದಲೇ ಅದನ್ನೇ ಹೇಳಿದ್ದರು. ಚೀಟಿಯನ್ನು ಅವರು ನನ್ನೆದುರು ಕೀಳಲಿಲ್ಲ, ಮನೆಗೆ ಹೋಗಿ ಕಿತ್ತರು. ಎರಡು ವಾರದ ನಂತರ ಬಂದಾಗ ದೂರುಗಳ ಪಟ್ಟಿಯೇ ಇತ್ತು: ಪತ್ರಿಕೆಯ ಹಾಳೆ ಮಗುಚಿದರೆ ತಗಡು ಬಡಿದಂತೆ ಕೇಳುತ್ತದೆ, ತಮ್ಮ ದನಿ ಕೊಡದೊಳಗಿನಿಂದ ಬಂದಂತಿದೆ, ನಲ್ಲಿಯ ನೀರಿಗೆ ಇಷ್ಟು ಸದ್ದಿರುವುದು ಅನ್ಯಾಯ. ಬಹುದಿನ ಕೇಳದ ಸದ್ದುಗಳಿಗೆ ಮಿದುಳು ಮತ್ತೆ ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ ಎಂದು ವಿವರಿಸಿದೆ. ಈ ಸಲ ಮಗಳು ಅದನ್ನು ಮತ್ತೆ ಹೇಳಬೇಕಾಗಲಿಲ್ಲ. ಈಗ ಒಂದು ವರ್ಷ ದಾಟಿದೆ. ಆ ಯಂತ್ರವನ್ನು ಕಂಡರೆ ಇವತ್ತಿಗೂ ಆಗದು ಎನ್ನುತ್ತಾರೆ, ಮನಸ್ಸು ಒಪ್ಪಿಲ್ಲ ಎಂದೂ ಹೇಳುತ್ತಾರೆ. ಬ್ಯಾಟರಿಗಳು ಮಾತ್ರ ಮುಗಿಯುವ ಮೊದಲೇ ಹೊಸದನ್ನು ತರಿಸಿಟ್ಟುಕೊಂಡಿರುತ್ತಾರೆ, ಕನ್ನಡಕದ ಪೆಟ್ಟಿಗೆಯಲ್ಲಿ ಎರಡು, ಅಂಗಿಯ ಜೇಬಿನಲ್ಲಿ ಎರಡು.